ನೆಗಡಿಗೆ ನುಂಗಿದ ಮಾತ್ರೆಯ ಲೆಕ್ಕ

ನಮ್ಮ ಕಡೆ ಕಾಯಿಲೆಯ ಕತೆ ಪ್ಲಾಸ್ಟಿಕ್ ಕವರಿನಲ್ಲಿ ಬರುತ್ತದೆ. ಸೀರೆ ಅಂಗಡಿಯ ಹೆಸರಿರುವ ಕವರು. ಒಳಗೆ ನಾಲ್ಕು ಮಡಿಕೆ ಬಿದ್ದ ಚೀಟಿಗಳು, ಸುರುಳಿ ಸುತ್ತಿಕೊಂಡ ಇಸಿಜಿ, ಎರಡು ಮಾತ್ರೆ ಉಳಿದಿರುವ ಸ್ಟ್ರಿಪ್ಪು, ಕೆಲವೊಮ್ಮೆ ಪಡಿತರ ಚೀಟಿಯ ಜೆರಾಕ್ಸ್. ಕಳೆದ ಮಳೆಗಾಲದಲ್ಲಿ ಅಂಥದೊಂದು ಕವರನ್ನು ಮೇಜಿನ ಮೇಲಿಟ್ಟು ಅರವತ್ತು ದಾಟಿದ ಹೆಂಗಸೊಬ್ಬರು ಎದುರಿಗೆ ಕೂತರು. ಜೊತೆಗೆ ಮಗ. ಹದಿನೈದು ವರ್ಷದ ಸಕ್ಕರೆ ಕಾಯಿಲೆ. ಮೂರು ದಿನದಿಂದ ಚಳಿಜ್ವರ, ಬಲಪಕ್ಕೆಯ ಹಿಂದೆ ಮುಟ್ಟಿದರೆ ನೋವು.

"ಒಂದಕ್ಕೆ ಹೋದ್ರೆ ಉರಿ ಡಾಕ್ಟ್ರೇ. ಹೀಟಾಗಿರ್ಬೇಕು ಅಂತ ಬಾರ್ಲಿ ನೀರು ಕುಡ್ದೆ, ಎಳನೀರು ಕುಡ್ದೆ. ಆಮೇಲೆ ಇವ್ನು ಮೆಡಿಕಲ್ಲಿಂದ ಮಾತ್ರೆ ತಂದ್ಕೊಟ್ಟ. ಹೋದ್ಸಲ ಅದ್ರಲ್ಲೇ ಹೋಗಿತ್ತು. ಈ ಸಲ ಕೇಳ್ಲಿಲ್ಲ."

ಕೇಳಲಿಲ್ಲ. ನಾವು ವೈದ್ಯರು ಇದಕ್ಕೆ ರೆಸಿಸ್ಟೆನ್ಸ್ ಅನ್ನುತ್ತೇವೆ, ಕನ್ನಡದಲ್ಲಿ ಬರೆಯುವಾಗ ಪ್ರತಿರೋಧ ಅನ್ನುತ್ತೇವೆ. ಜನ ಮಾತ್ರ ಮೊದಲಿನಿಂದಲೂ "ಮಾತ್ರೆಗೆ ಕೇಳ್ತಾ ಇಲ್ಲ" ಅಂತಲೇ ಹೇಳುತ್ತ ಬಂದಿದ್ದಾರೆ, ಮಾತು ಮೀರಿದ ಮಗನ ಬಗ್ಗೆ ಹೇಳುವ ಹಾಗೆ. ನನಗೆ ಜನರ ಮಾತೇ ಹೆಚ್ಚು ಸರಿ ಅನ್ನಿಸುತ್ತದೆ.

ಮೂತ್ರವನ್ನು ಕಲ್ಚರಿಗೆ ಕಳಿಸಿದೆ. ಈ ಪರೀಕ್ಷೆ ಹೇಗೆ ನಡೆಯುತ್ತದೆಂದು ರೋಗಿಗಳಿಗೆ ಯಾರೂ ಹೇಳುವುದಿಲ್ಲ. "ಎರಡು ದಿನ ಬಿಟ್ಟು ಬನ್ನಿ" ಅನ್ನುವುದಷ್ಟೇ. ಆ ಎರಡು ದಿನ ಲ್ಯಾಬಿನೊಳಗೆ ನಡೆಯುವುದು ಹೆಚ್ಚುಕಡಿಮೆ ಅಡುಗೆಮನೆಯ ಕೆಲಸ. ಮೊದಲು ಬಂದದ್ದನ್ನು ಬಿಟ್ಟು ನಡುವಿನ ಧಾರೆಯನ್ನು ಹಿಡಿದ ಡಬ್ಬಿಯಿಂದ, ಸಣ್ಣ ತಂತಿಯ ಕುಣಿಕೆಯಲ್ಲಿ ಒಂದು ಹನಿಗಿಂತಲೂ ಕಡಿಮೆ ಮೂತ್ರವನ್ನೆತ್ತಿ, ಹೆಪ್ಪುಗಟ್ಟಿದ ಅಗಾರ್ ತಟ್ಟೆಯ ಮೇಲೆ ಗೀರುತ್ತಾರೆ. 37 ಡಿಗ್ರಿ ಕಾವಿನ ಪೆಟ್ಟಿಗೆಯಲ್ಲಿ ಒಂದು ರಾತ್ರಿ. ಬೆಳಿಗ್ಗೆ ನೋಡಿದರೆ ಗೀರಿದ ಗೆರೆಗಳ ಮೇಲೆ ರಂಗೋಲಿ ಚುಕ್ಕಿ ಇಟ್ಟ ಹಾಗೆ ಗುಲಾಬಿ ಬಣ್ಣದ ಬೆಳೆ. ಮ್ಯಾಕಾಂಕಿ ಅಗಾರ್ ಮೇಲೆ ಇ. ಕೋಲಿ ಬ್ಯಾಕ್ಟೀರಿಯಾ ಕಾಣುವುದೇ ಹೀಗೆ. ಆ ಚುಕ್ಕಿಗಳನ್ನು ಕದಡಿ ಇನ್ನೊಂದು ತಟ್ಟೆಯ ತುಂಬ ಬಳಿದು, ಒಂದೊಂದು ಔಷಧ ಹೀರಿಸಿದ ಒಂದೊಂದು ಕಾಗದದ ಬಿಲ್ಲೆಯನ್ನು ಮೇಲೆ ಇಡುತ್ತಾರೆ. ಹಣೆಯ ಸ್ಟಿಕ್ಕರಿನಷ್ಟು ಅಗಲದ ಬಿಲ್ಲೆ. ಮತ್ತೊಂದು ರಾತ್ರಿ. ಔಷಧ ಕೆಲಸ ಮಾಡುವಂಥದಾದರೆ ಬಿಲ್ಲೆಯ ಸುತ್ತ ಏನೂ ಬೆಳೆಯದ ತಿಳಿಯಾದ ಉಂಗುರ ಮೂಡಿರುತ್ತದೆ, ಮಳೆಗಾಲದ ಚಂದ್ರನ ಸುತ್ತ ಕಾಣುತ್ತದಲ್ಲ, ಹಾಗೆ. ಅದನ್ನು ಮಿಲಿಮೀಟರಿನಲ್ಲಿ ಅಳೆಯುತ್ತಾರೆ. ಉಂಗುರ ಸಾಕಷ್ಟು ಅಗಲವಿದ್ದರೆ ವರದಿಯಲ್ಲಿ ‘ಎಸ್’. ಇಲ್ಲದಿದ್ದರೆ ‘ಆರ್’. ದೊಡ್ಡ ಲ್ಯಾಬುಗಳಲ್ಲಿ ಈಗ ಯಂತ್ರವೇ ಈ ಕೆಲಸ ಮಾಡುತ್ತದೆ, ಲೆಕ್ಕ ಅದೇ.

ಆಕೆಯ ವರದಿಯಲ್ಲಿ ಮೇಲಿನಿಂದ ಓದುತ್ತ ಬಂದರೆ ಆಂಪಿಸಿಲಿನ್ ಆರ್, ಕೋಟ್ರೈಮಾಕ್ಸಜೋಲ್ ಆರ್, ಸಿಪ್ರೋಫ್ಲಾಕ್ಸಸಿನ್ ಆರ್, ಸೆಫಿಕ್ಸಿಮ್ ಆರ್, ಸೆಫ್ಟ್ರಿಯಾಕ್ಸೋನ್ ಆರ್. ಮಗ ನನಗಿಂತ ಬೇಗ ಕೊನೆಗೆ ಬಂದಿದ್ದ. "ಇಲ್ಲಿ ಎಸ್ ಇದ್ಯಲ್ಲ ಸರ್, ನೈಟ್ರೋಫ್ಯುರಾಂಟಾಯಿನ್. ಅದೇ ಮಾತ್ರೆ ಬರ್ಕೊಡಿ."

ಬರೆದುಕೊಡಬಹುದಿತ್ತು, ನಾಲ್ಕು ದಿನ ಮೊದಲು ಬಂದಿದ್ದರೆ. 1953ರಿಂದ ಬಳಕೆಯಲ್ಲಿರುವ ಆ ಹಳೆಯ ಮದ್ದು ಇವತ್ತಿಗೂ ಉರಿಮೂತ್ರದ ಮಟ್ಟಿಗೆ ನಂಬಿಕಸ್ಥ. ಆದರೆ ಅದರ ಗುಣವೇ ಅದರ ಮಿತಿ. ನುಂಗಿದ್ದು ಬೇಗ ಮೂತ್ರಕ್ಕಿಳಿದು ಮೂತ್ರಕೋಶದಲ್ಲಿ ತುಂಬಿಕೊಳ್ಳುತ್ತದೆ. ರಕ್ತದಲ್ಲಿ, ಕಿಡ್ನಿಯ ಮಾಂಸದಲ್ಲಿ ಸಾಲುವಷ್ಟು ನಿಲ್ಲುವುದಿಲ್ಲ. ಈಕೆಗೆ ಸೋಂಕು ಆಗಲೇ ಕಿಡ್ನಿಗೆ ಹತ್ತಿಯಾಗಿತ್ತು. ಚಳಿಜ್ವರ, ಪಕ್ಕೆನೋವು ಅದರ ಗುರುತು. ಪಟ್ಟಿಯಲ್ಲಿದ್ದ ಇನ್ನೊಂದು ‘ಎಸ್’ ಅಮಿಕಾಸಿನ್ ಎಂಬ ಇಂಜೆಕ್ಷನ್, ಅದು ಕಿಡ್ನಿಗೂ ಕಿವಿಗೂ ಭಾರ. ಸಕ್ಕರೆ ಕಾಯಿಲೆಯಿಂದ ಈಕೆಯ ಕಿಡ್ನಿ ಸೋಲುತ್ತಿರುವುದನ್ನು ತೋರಿಸುವ ಕ್ರಿಯಾಟಿನಿನ್ ಆಗಲೇ ಏರಿತ್ತು. ಉಳಿದದ್ದು ಕಾರ್ಬಪೆನೆಮ್ ಗುಂಪಿನ ಇಂಜೆಕ್ಷನ್, ಐಸಿಯುವಿನಲ್ಲಿ ಸಾವು ಬದುಕಿನ ನಡುವೆ ಇರುವವರಿಗೆಂದು ನಾವು ಎತ್ತಿಟ್ಟುಕೊಂಡಿರಬೇಕಾದ ಮದ್ದು. ದಿನಕ್ಕೊಂದರಂತೆ ಒಂದು ವಾರ ರಕ್ತನಾಳಕ್ಕೆ. ಹದಿನೈದು ವರ್ಷದ ಹಿಂದೆ ನಾಲ್ಕು ಮಾತ್ರೆಯಲ್ಲಿ ಮುಗಿಯುತ್ತಿದ್ದ ಕಾಯಿಲೆಗೆ ಆ ಮನೆಯವರು ಹಾಸಿಗೆ ಹಿಡಿಸಿ, ಕೈಗೆ ಸೂಜಿ ಚುಚ್ಚಿಸಿ, ಒಂದು ತಿಂಗಳ ಸಂಸಾರದ ದುಡ್ಡು ತೆರಬೇಕಾಯಿತು.

ಔಷಧ ಕೇಳದ ಸೋಂಕೆಂದರೆ ಬೆಂಗಳೂರಿನ ದೊಡ್ಡ ಆಸ್ಪತ್ರೆಯ ಐಸಿಯು, ಸೂಪರ್‌ಬಗ್ ಎಂಬ ಸಿನಿಮಾ ಹೆಸರು ಅಂತೆಲ್ಲ ಓದಿದವರಿಗೆ ಅನ್ನಿಸಿರಬಹುದು. ತಾಲ್ಲೂಕು ಕ್ಲಿನಿಕ್ಕಿನಲ್ಲಿ ಅದು ಬರುವುದು ಇಷ್ಟು ಸಾದಾ ರೂಪದಲ್ಲಿ: ಮಾತ್ರೆಯ ಕಾಯಿಲೆ ಸದ್ದಿಲ್ಲದೆ ಇಂಜೆಕ್ಷನ್ನಿನ ಕಾಯಿಲೆಯಾಗುತ್ತದೆ.

ಆ ದಿನ ಡ್ರಿಪ್ಪು ಹಾಕಿಸಿ ಬಂದು ಕೂತವನು ಆಕೆಯ ಕವರನ್ನು ಬಿಚ್ಚಿದೆ. ಎರಡು ವರ್ಷದ ಕಾಗದಗಳು. ನೆಗಡಿ ಕೆಮ್ಮಿಗೆ ಅಜಿತ್ರೋಮೈಸಿನ್, ಮೂರು ದಿನ. ಹಲ್ಲುನೋವಿಗೆ ಅಮಾಕ್ಸಿಸಿಲಿನ್ ಕ್ಲಾವುಲನೇಟ್, ಐದು ದಿನ. ಮತ್ತೆ ಕೆಮ್ಮು, ಈ ಸಲ ಸೆಫಿಕ್ಸಿಮ್. ಅದರ ಕೆಳಗೆ ಭೇದಿಗೆ ಬರೆದ ಆಫ್ಲಾಕ್ಸಸಿನ್–ಆರ್ನಿಡಜೋಲ್. ಆ ಚೀಟಿಯ ಅಕ್ಷರ ಎಲ್ಲೋ ನೋಡಿದಂತಿದೆಯಲ್ಲ ಅಂದುಕೊಂಡೆ. ಕೆಳಗಿನ ಸೀಲು ನನ್ನದೇ.

ನೆನಪು ಬರಲಿಲ್ಲ. ಯಾವುದೋ ಸೋಮವಾರ, ಸಂತೆಯ ದಿನವಿರಬೇಕು, ಹೊರಗೆ ನಲವತ್ತು ಜನ ಕಾಯುತ್ತಿದ್ದಿರಬೇಕು. ರಕ್ತವಿಲ್ಲದ, ಜ್ವರವಿಲ್ಲದ ನೀರುಭೇದಿಗೆ ಓಆರ್‌ಎಸ್ ಪುಡಿ ಸಾಕಾಗುತ್ತದೆಂದು ನನಗೆ ಗೊತ್ತಿಲ್ಲದ್ದೇನಲ್ಲ. ವಿದ್ಯಾರ್ಥಿಗಳಿಗೆ ಅದನ್ನೇ ಹೇಳಿಕೊಟ್ಟಿದ್ದೇನೆ ಕೂಡ.

ಇಲ್ಲಿ ಒಂದು ವಿಷಯವನ್ನು ಬಿಡಿಸಿ ಹೇಳಬೇಕು, ಯಾಕೆಂದರೆ ಓದಿದವರೂ ಇಲ್ಲಿ ಎಡವುತ್ತಾರೆ. "ನನ್ನ ದೇಹಕ್ಕೆ ಆ ಮಾತ್ರೆ ಒಗ್ಗಿಹೋಗಿದೆ, ಅದಕ್ಕೇ ಕೇಳ್ತಿಲ್ಲ" ಅನ್ನುತ್ತಾರೆ. ಒಗ್ಗಿಹೋಗುವುದು ದೇಹವಲ್ಲ, ದೇಹದಲ್ಲಿ ವಾಸವಿರುವ ಬ್ಯಾಕ್ಟೀರಿಯಾ. ನಮ್ಮ ಕರುಳಿನಲ್ಲಿ ಲಕ್ಷ ಕೋಟಿಗಟ್ಟಲೆ ಬ್ಯಾಕ್ಟೀರಿಯಾಗಳಿವೆ, ಇ. ಕೋಲಿ ಅಲ್ಲಿನ ಖಾಯಂ ಒಕ್ಕಲು, ಅಲ್ಲಿರುವಷ್ಟು ಕಾಲ ನಿರುಪದ್ರವಿ. ನೆಗಡಿಗೆಂದು ನುಂಗಿದ ಆಂಟಿಬಯೋಟಿಕ್ ಮೂಗಿನ ವೈರಸ್ಸಿಗೆ ಏನೂ ಮಾಡುವುದಿಲ್ಲ. ಆದರೆ ಅದು ಕರುಳಿಗೂ ಇಳಿಯುತ್ತದಲ್ಲ. ಅಲ್ಲಿ ಸಾಯಬಲ್ಲವು ಸಾಯುತ್ತವೆ, ಔಷಧವನ್ನು ಜೀರ್ಣಿಸಿಕೊಳ್ಳಬಲ್ಲ ನಾಲ್ಕಾರು ಉಳಿಯುತ್ತವೆ. ಜಾಗ ಖಾಲಿ, ಊಟಕ್ಕೆ ಪೈಪೋಟಿಯಿಲ್ಲ; ಹದವಾದ ವಾತಾವರಣ ಸಿಕ್ಕಿದರೆ ಇ. ಕೋಲಿ ಇಪ್ಪತ್ತು ನಿಮಿಷಕ್ಕೊಮ್ಮೆ ಇಮ್ಮಡಿಯಾಗುತ್ತದೆ. ಅಷ್ಟೇ ಆಗಿದ್ದರೂ ಸುಧಾರಿಸಬಹುದಿತ್ತು. ಈ ಕ್ರಿಮಿಗಳು ಪ್ಲಾಸ್ಮಿಡ್ ಎಂಬ ಡಿಎನ್‌ಎ ಉಂಗುರದಲ್ಲಿ ತಮ್ಮ ವಿದ್ಯೆಯನ್ನು ಪಕ್ಕದವಕ್ಕೆ ದಾಟಿಸುತ್ತವೆ. ತಮ್ಮ ಮಕ್ಕಳಿಗೆ ಮಾತ್ರವಲ್ಲ, ಬೇರೆ ಜಾತಿಯ ಬ್ಯಾಕ್ಟೀರಿಯಾಕ್ಕೂ. ಒಂದೇ ಪ್ಲಾಸ್ಮಿಡ್ಡಿನಲ್ಲಿ ನಾಲ್ಕೈದು ಔಷಧಗಳನ್ನು ಸೋಲಿಸುವ ಜೀನುಗಳು ಒಟ್ಟಿಗೆ ಪೋಣಿಸಿಕೊಂಡಿರುವುದೂ ಉಂಟು; ಒಂದು ಔಷಧವನ್ನು ದುರುಪಯೋಗ ಮಾಡಿದರೆ ಇನ್ನೂ ನುಂಗದ ನಾಲ್ಕು ಔಷಧಗಳೂ ಕೈಬಿಡುವುದು ಇದರಿಂದಲೇ.

ಹೆಂಗಸರಲ್ಲಿ ಮೂತ್ರನಾಳ ಗಿಡ್ಡ, ಕರುಳಿನ ಬಾಗಿಲು ಹತ್ತಿರ. ಊರಿನಲ್ಲಿ ಓಡಾಡಿಕೊಂಡಿರುವವರಿಗೆ ಬರುವ ಉರಿಮೂತ್ರದಲ್ಲಿ ಮುಕ್ಕಾಲು ಪಾಲು ಈ ಕರುಳಿನ ಇ. ಕೋಲಿಯದೇ. ಅಂದರೆ ಮಾರ್ಚಿನಲ್ಲಿ ನೆಗಡಿಗೆ ನುಂಗಿದ್ದರ ಲೆಕ್ಕ ಆಗಸ್ಟಿನಲ್ಲಿ ಮೂತ್ರದಲ್ಲಿ ಚುಕ್ತಾ ಆಗುತ್ತದೆ. ಇದು ನನ್ನ ಊಹೆಯಲ್ಲ. 2010ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಹಲವು ಅಧ್ಯಯನಗಳನ್ನು ಒಟ್ಟು ಮಾಡಿ ನೋಡಿದ ವಿಶ್ಲೇಷಣೆಯೊಂದು ಬಂತು. ಸಾಮಾನ್ಯ ವೈದ್ಯರು ಬರೆದ ಒಂದು ಆಂಟಿಬಯೋಟಿಕ್ ಕೋರ್ಸಿನ ನಂತರ ಅದೇ ವ್ಯಕ್ತಿಯಲ್ಲಿ ಔಷಧ ಕೇಳದ ಬ್ಯಾಕ್ಟೀರಿಯಾ ಹೆಚ್ಚಿರುತ್ತದೆ. ಮೊದಲ ತಿಂಗಳು ತೀರಾ ಹೆಚ್ಚು, ಹನ್ನೆರಡು ತಿಂಗಳವರೆಗೂ ಅದರ ನೆರಳಿರಬಹುದು. ನಾನು ಭೇದಿಗೆ ಬರೆದ ಚೀಟಿಯ ತಾರೀಕನ್ನು ಬೆರಳು ಮಡಿಸಿ ಎಣಿಸಿದೆ. ಏಳು ತಿಂಗಳು.

ಇಷ್ಟೆಲ್ಲ ಗೊತ್ತಿದ್ದೂ ಯಾಕೆ ಬರೆಯುತ್ತೀರಿ ಅಂತ ಕೇಳಿದರೆ ಮೊದಲ ಉತ್ತರ, ಹೆದರಿಕೆ. ಮಲೆನಾಡಿನ ಮಳೆಗಾಲದಲ್ಲಿ ಜ್ವರವೊಂದು ಒಳಗೆ ಬಂದರೆ ಅದು ಬರಿಯ ವೈರಲ್ ಜ್ವರವಿರಬಹುದು, ಡೆಂಗಿ ಇರಬಹುದು. ಇಲಿಜ್ವರವೂ ಇರಬಹುದು. ಗದ್ದೆ ತೋಟದ ನೀರಿನಲ್ಲಿ ಬರಿಗಾಲಲ್ಲಿ ನಿಂತವರಿಗೆ ಹತ್ತುವ ಈ ಇಲಿಜ್ವರಕ್ಕೆ ಪೆನಿಸಿಲಿನ್ನೋ ಡಾಕ್ಸಿಸೈಕ್ಲಿನ್ನೋ ಬೇಗ ಬಿದ್ದರೆ ಬಚಾವು, ತಡವಾದರೆ ಕಿಡ್ನಿ, ಲಿವರ್ ಎರಡೂ ಕೈಕೊಡುತ್ತವೆ. ಬೇಸಗೆಯಲ್ಲಾದರೆ ಮಂಗನ ಕಾಯಿಲೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಗುರುತಿಸಿದ ಆ ವೈರಸ್ಸಿಗೆ ಯಾವ ಆಂಟಿಬಯೋಟಿಕ್ಕೂ ತಾಗುವುದಿಲ್ಲ. ಮೊದಲೆರಡು ದಿನ ಎಲ್ಲವೂ ಒಂದೇ ಥರ: ಮೈಕೈ ನೋವು, ತಲೆನೋವು, 102 ಡಿಗ್ರಿ. ರಕ್ತದ ಕಲ್ಚರಿಗೆ ಕಳಿಸೋಣವೆಂದರೆ ಅದು ಜಿಲ್ಲಾ ಕೇಂದ್ರಕ್ಕೆ ಹೋಗಬೇಕು. ರೋಗಿ ಕೊನೆಯ ಬಸ್ಸಿಗೆ ಹಿಂತಿರುಗಬೇಕು, ಇವತ್ತು ಬಂದದ್ದೇ ಒಂದು ದಿನದ ಕೂಲಿ ಬಿಟ್ಟು. ನಾಳೆ ಬಾ ಅಂದರೆ ಬರುತ್ತಾನೆಂಬ ಖಾತ್ರಿಯಿಲ್ಲ. ಆ ಅನುಮಾನಕ್ಕೆ ಬರೆಯುವ ಮದ್ದೇ ಆಂಟಿಬಯೋಟಿಕ್. ಅದರಲ್ಲಿ ಅರ್ಧ ರೋಗಿಯ ಜ್ವರಕ್ಕೆ, ಅರ್ಧ ವೈದ್ಯನ ನಿದ್ದೆಗೆ.

ಎರಡನೆಯದು ಕೈಗುಣ. ನಮ್ಮ ಜನ ವೈದ್ಯನನ್ನು ಡಿಗ್ರಿಯಿಂದ ಅಳೆಯುವುದಿಲ್ಲ, ಕೈಗುಣದಿಂದ ಅಳೆಯುತ್ತಾರೆ. ಅದು ಹೇಗೆ ಬರುತ್ತದೆಂಬುದಕ್ಕೆ ಒಂದು ಲೆಕ್ಕವಿದೆ. ವೈರಲ್ ಜ್ವರ ನಾಲ್ಕೈದು ದಿನ ಇದ್ದು ತಾನಾಗಿ ಇಳಿಯುವಂಥದು. ಮೊದಲನೆಯ ದಿನ ಕಂಡ ವೈದ್ಯ ಪ್ಯಾರಾಸಿಟಮಾಲ್ ಕೊಟ್ಟು, ನೀರು ಕುಡಿ, ಮಲಗಿಕೋ ಅನ್ನುತ್ತಾನೆ. ಎರಡು ದಿನವಾದರೂ ಜ್ವರ ನಿಲ್ಲುವುದಿಲ್ಲ. ಮೂರನೆಯ ದಿನ ಪಕ್ಕದ ಬೀದಿಯ ವೈದ್ಯನಲ್ಲಿಗೆ ಹೋಗುತ್ತಾರೆ. ಅವನು ಸೊಂಟಕ್ಕೊಂದು ಇಂಜೆಕ್ಷನ್, "ಪವರ್ ಇರೋ" ಮಾತ್ರೆ ಮೂರು ದಿನಕ್ಕೆ. ನಾಲ್ಕನೆಯ ದಿನ ಜ್ವರ ಬಿಡುತ್ತದೆ, ಬಿಡಲೇಬೇಕಿತ್ತು. ಆದರೆ ಊರಿನಲ್ಲಿ ಸುದ್ದಿ ಬೇರೆ: "ಅವ್ರ ಕೈಗುಣ ನೋಡಿ, ಒಂದೇ ಇಂಜೆಕ್ಷನ್ನಿಗೆ ಎದ್ದು ಕೂತ." ನಾನು ಆ ಮೊದಲನೆಯ ವೈದ್ಯನೂ ಆಗಿದ್ದೇನೆ, ಎರಡನೆಯವನೂ ಆಗಿದ್ದೇನೆ. ಎರಡನೆಯವನಾದ ದಿನ ಊಟ ಹೆಚ್ಚು ರುಚಿಸುತ್ತದೆಂಬುದನ್ನು ಒಪ್ಪಿಕೊಳ್ಳುತ್ತೇನೆ.

2019ರಲ್ಲಿ ಭಾರತದ ಖಾಸಗಿ ಮಾರುಕಟ್ಟೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಖರ್ಚಾದ ಆಂಟಿಬಯೋಟಿಕ್ ಅಜಿತ್ರೋಮೈಸಿನ್ 500 ಮಿಲಿಗ್ರಾಂ ಮಾತ್ರೆ, ಎರಡನೆಯ ಸ್ಥಾನ ಸೆಫಿಕ್ಸಿಮ್ 200ಕ್ಕೆ. ವಿಶ್ವ ಆರೋಗ್ಯ ಸಂಸ್ಥೆ ಎರಡನ್ನೂ ‘ಎಚ್ಚರದಿಂದ ಬಳಸಿ’ ಎಂಬ ಗುಂಪಿನಲ್ಲಿಟ್ಟಿದೆ. ನಮ್ಮಲ್ಲಿ ಅವು ಗಂಟಲು ಕೆರೆತದ ಮದ್ದು. ಅದೇ ಲೆಕ್ಕ ತೆಗೆದವರು ಇನ್ನೊಂದನ್ನೂ ಕಂಡರು: ಖರ್ಚಾದ ಆಂಟಿಬಯೋಟಿಕ್ಕುಗಳಲ್ಲಿ ಸುಮಾರು ಶೇಕಡಾ 47 ಕೇಂದ್ರ ಔಷಧ ನಿಯಂತ್ರಕರ ಅನುಮೋದನೆಯೇ ಇಲ್ಲದ ಸೂತ್ರಗಳು.

ಟೈಫಾಯ್ಡ್ ವಿಷಯಕ್ಕೆ ಬಂದರೆ ನಗಬೇಕೋ ಅಳಬೇಕೋ ತಿಳಿಯದು. "ಬ್ಲಡ್ ಟೆಸ್ಟ್ ಮಾಡಿಸ್ದೆ ಡಾಕ್ಟ್ರೇ, ಸ್ವಲ್ಪ ಟೈಫಾಯ್ಡ್ ಇದೆಯಂತೆ." ಸ್ವಲ್ಪ ಟೈಫಾಯ್ಡ್! ಸ್ವಲ್ಪ ಬಸಿರು ಇದ್ದ ಹಾಗೆ. ಇದು 1896ರಲ್ಲಿ ಫ್ರಾನ್ಸಿನ ಫೆರ್ನಾಂ ವಿಡಾಲ್ ರೂಪಿಸಿದ ಪರೀಕ್ಷೆಯ ಮಹಿಮೆ. ವಿಡಾಲ್ ಪರೀಕ್ಷೆ ಹುಡುಕುವುದು ಕ್ರಿಮಿಯನ್ನಲ್ಲ, ಅದರ ವಿರುದ್ಧ ರಕ್ತದಲ್ಲಿ ಹುಟ್ಟಿದ ಪ್ರತಿಕಾಯವನ್ನು. ಹುಟ್ಟಿದಾಗಿನಿಂದ ಈ ದೇಶದ ನೀರು ಕುಡಿದವರ ರಕ್ತದಲ್ಲಿ ಅದು ಜ್ವರವಿಲ್ಲದಿದ್ದಾಗಲೂ ಒಂದಿಷ್ಟು ಇದ್ದೇ ಇರುತ್ತದೆ. ಒಂದು ವಾರದ ಅಂತರದಲ್ಲಿ ಎರಡು ಸಲ ತೆಗೆದು ಏರಿಕೆ ನೋಡಿದರೆ ಏನಾದರೂ ಅರ್ಥವಿದ್ದೀತು. ಒಂದೇ ಸಲ ತೆಗೆದು, ‘ಪಾಸಿಟಿವ್’ ಎಂದು ಕೆಂಪು ಶಾಯಿಯಲ್ಲಿ ಬರೆದ ಕಾಗದದ ಬಲದಿಂದ ಎಷ್ಟು ಸಾವಿರ ಸೆಫ್ಟ್ರಿಯಾಕ್ಸೋನ್ ಇಂಜೆಕ್ಷನ್ನುಗಳು ಎಷ್ಟು ಸಾವಿರ ವೈರಲ್ ಜ್ವರಗಳಿಗೆ ಹರಿದಿವೆಯೋ, ಲೆಕ್ಕವಿಟ್ಟವರಿಲ್ಲ. ನನ್ನ ಕೇಳಿದರೆ ಆ ಪರೀಕ್ಷೆಯನ್ನು ಗೌರವದಿಂದ ಮ್ಯೂಸಿಯಮ್ಮಿಗೆ ಕಳಿಸಬೇಕು.

ನಿಜವಾದ ಟೈಫಾಯ್ಡಿನ ಕತೆ ಇದಕ್ಕಿಂತ ಸ್ವಾರಸ್ಯದ್ದು, ನಮ್ಮ ನೆರೆಯಲ್ಲೇ ನಡೆದದ್ದು. 1948ರಲ್ಲಿ ಕ್ಲೋರಾಂಫೆನಿಕಾಲ್ ಬಂದಾಗ ಮೂರು ವಾರ ಸುಟ್ಟು ಕರುಳು ತೂತು ಮಾಡುತ್ತಿದ್ದ ವಿಷಮಶೀತಜ್ವರ ನಾಲ್ಕೈದು ದಿನಕ್ಕೆ ಇಳಿಯತೊಡಗಿತು. 1972ರಲ್ಲಿ ಕೇರಳದ ಕಲ್ಲಿಕೋಟೆಯಲ್ಲಿ ಆ ಔಷಧಕ್ಕೆ ಕೇಳದ ಟೈಫಾಯ್ಡ್ ಊರಿಗೂರೇ ಹಬ್ಬಿತು; ಅದೇ ವರ್ಷ ‘ನೇಚರ್’ ಪತ್ರಿಕೆಯಲ್ಲಿ ಅದರ ವರದಿ ಬಂತು. ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ಆಂಪಿಸಿಲಿನ್, ಕೋಟ್ರೈಮಾಕ್ಸಜೋಲ್ ಕೂಡ ಕೈಬಿಟ್ಟವು. ಸಿಪ್ರೋಫ್ಲಾಕ್ಸಸಿನ್ ಬಂತು, ಎಲ್ಲದಕ್ಕೂ ಅದೇ, ಕಾಲು ಕೊಯ್ದರೂ ಅದೇ, ಹೊಟ್ಟೆ ಕೆಟ್ಟರೂ ಅದೇ. ಹತ್ತು ಹದಿನೈದು ವರ್ಷದಲ್ಲಿ ಟೈಫಾಯ್ಡಿಗೆ ಅದೂ ಮುಗಿಯಿತು. ಈಗ ಸೆಫ್ಟ್ರಿಯಾಕ್ಸೋನ್, ಅಜಿತ್ರೋಮೈಸಿನ್ ಎರಡರ ಮೇಲೆ ನಿಂತಿದ್ದೇವೆ. 2016ರಿಂದ ಪಾಕಿಸ್ತಾನದ ಸಿಂಧ್ ಪ್ರಾಂತ್ಯದಲ್ಲಿ ಸೆಫ್ಟ್ರಿಯಾಕ್ಸೋನಿಗೂ ಕೇಳದ ತಳಿ ಹಬ್ಬಿದೆ. ಅಲ್ಲಿ ಬಾಯಿಗೆ ಹಾಕುವ ಮದ್ದಾಗಿ ಉಳಿದದ್ದು ಅಜಿತ್ರೋಮೈಸಿನ್ ಒಂದೇ. ಗಂಟಲು ಕೆರೆತಕ್ಕೆ ನಾವು ನುಂಗುತ್ತಿದ್ದೇವಲ್ಲ, ಅದೇ.

ಇದರ ನಡುವೆ ಒಂದು ವಿಚಿತ್ರ ನಡೆದಿದೆ. ಮೂರು ದಶಕ ಮೂಲೆಗೆ ಬಿದ್ದಿದ್ದ ಕ್ಲೋರಾಂಫೆನಿಕಾಲ್, ಕೋಟ್ರೈಮಾಕ್ಸಜೋಲ್‌ಗಳ ಎದುರು ನಮ್ಮ ದೇಶದ ಟೈಫಾಯ್ಡ್ ಲ್ಯಾಬಿನ ತಟ್ಟೆಯಲ್ಲಿ ಮತ್ತೆ ‘ಎಸ್’ ತೋರಿಸುತ್ತಿದೆ. ಉಪಯೋಗವಿಲ್ಲದ ಆಯುಧ ಹೊತ್ತು ತಿರುಗುವುದು ಕ್ರಿಮಿಗೂ ಭಾರ, ಬೇಡವೆಂದಾಗ ಕೆಳಗಿಟ್ಟಿದೆ. ಕ್ಲೋರಾಂಫೆನಿಕಾಲಿಗೆ ಅಪರೂಪಕ್ಕೆ ಮಜ್ಜೆಯನ್ನೇ ಒಣಗಿಸುವ ದೋಷವಿರುವುದರಿಂದ ಯಾರೂ ಕುಣಿದಾಡಿ ಅದನ್ನು ಹಿಂದಕ್ಕೆ ತರುತ್ತಿಲ್ಲ. ಆದರೂ ಬಳಸದೆ ಬಿಟ್ಟರೆ ಕೆಲವು ಔಷಧಗಳಿಗೆ ಜೀವ ಮರಳುತ್ತದೆಂಬುದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷಿ ನನಗೆ ಗೊತ್ತಿಲ್ಲ.

"ನಾನು ಆಂಟಿಬಯೋಟಿಕ್ ಮುಟ್ಟೋದೇ ಇಲ್ಲ, ಬರೀ ಕಷಾಯ" ಅನ್ನುವವರಿಗೆ ಒಂದು ಮಾತು. 2017ರಲ್ಲಿ ನೆದರ್ಲೆಂಡ್ಸ್‌ನ ಸಂಶೋಧಕರು ವಿದೇಶ ಸುತ್ತಿ ಬಂದ ತಮ್ಮ ಜನರ ಮಲವನ್ನು ಹೋಗುವ ಮೊದಲು, ಬಂದ ಮೇಲೆ ಪರೀಕ್ಷಿಸಿದ್ದನ್ನು ಪ್ರಕಟಿಸಿದರು. ದಕ್ಷಿಣ ಏಷ್ಯಾಕ್ಕೆ ಬಂದು ಹೋದವರಲ್ಲಿ ಸುಮಾರು ನಾಲ್ವರಲ್ಲಿ ಮೂವರು, ಹೋಗುವಾಗ ಇಲ್ಲದಿದ್ದ ಪ್ರತಿರೋಧಿ ಬ್ಯಾಕ್ಟೀರಿಯಾವನ್ನು ಹೊಟ್ಟೆಯಲ್ಲಿ ಹೊತ್ತು ಮನೆಗೆ ಮರಳಿದ್ದರು. ಕೆಲವೇ ವಾರದ ಊಟ, ನೀರು, ಕೈಕುಲುಕು. ನಾವು ಇಲ್ಲೇ ಇರುವವರು.

ದೆಹಲಿಯ ಹೆಸರು ಹೊತ್ತ ಎನ್‌ಡಿಎಂ–1 ಎಂಬ ಕಿಣ್ವದ ಗಲಾಟೆ ಹಲವರಿಗೆ ನೆನಪಿರಬಹುದು. ಕಾರ್ಬಪೆನೆಮ್ಮುಗಳನ್ನೂ ಕತ್ತರಿಸಿ ಹಾಕುವ ಕಿಣ್ವ ಅದು. 2010ರಲ್ಲಿ ಸುದ್ದಿಯಾದಾಗ ರಾಜಧಾನಿಯ ಹೆಸರಿಟ್ಟದ್ದಕ್ಕೆ ದೇಶದಲ್ಲಿ ಸಿಟ್ಟು ಭುಗಿಲೆದ್ದಿತು. ಸಿಟ್ಟು ಸಹಜವೇ. ಆದರೆ ಮರುವರ್ಷ ದೆಹಲಿಯ ಬೀದಿಯಲ್ಲಿ ನಿಂತ ನೀರಿನ 171 ಮಾದರಿಗಳಲ್ಲಿ 51ರಲ್ಲಿ, ಕೊಳಾಯಿ ನೀರಿನ 50ರಲ್ಲಿ 2ರಲ್ಲಿ ಆ ಜೀನು ಸಿಕ್ಕಿತು. ಹೆಸರಿನ ಜಗಳದಲ್ಲಿ ನೀರಿನ ಮಾತು ಮರೆತೇಹೋಯಿತು. ಅದಕ್ಕೂ ಮೊದಲು, 2007ರಲ್ಲಿ, ಹೈದರಾಬಾದಿನ ಪಕ್ಕದ ಪಟಾನ್‌ಚೆರುವಿನಲ್ಲಿ ಔಷಧ ಕಾರ್ಖಾನೆಗಳ ಕೊಳಚೆಯನ್ನು ಶುದ್ಧೀಕರಿಸಿ ಬಿಡುವ ಘಟಕದ ನೀರಿನಲ್ಲಿ ಲೀಟರಿಗೆ 31 ಮಿಲಿಗ್ರಾಂವರೆಗೂ ಸಿಪ್ರೋಫ್ಲಾಕ್ಸಸಿನ್ ಇದ್ದದ್ದು ವರದಿಯಾಗಿತ್ತು. ಆ ಮಾತ್ರೆ ನುಂಗಿದ ರೋಗಿಯ ರಕ್ತದಲ್ಲೂ ಅಷ್ಟಿರುವುದಿಲ್ಲ. ಕೋಳಿ ಸಾಕಣೆಯದು ಇನ್ನೊಂದು ದೊಡ್ಡ ಕತೆ. ಐಸಿಯುಗಳಲ್ಲಿ ಎಲ್ಲ ಸೋತ ಮೇಲೆ ಹಾಕುವ ಕೊಲಿಸ್ಟಿನ್ ಎಂಬ ಮದ್ದನ್ನು ಕೋಳಿ ಮೈತುಂಬಲೆಂದು ಆಹಾರದಲ್ಲಿ ಬೆರೆಸುವುದನ್ನು ಕೇಂದ್ರ ಸರ್ಕಾರ ನಿಷೇಧಿಸಿದ್ದು 2019ರ ಜುಲೈನಲ್ಲಿ, ಅಷ್ಟು ತಡವಾಗಿ.

ಕಾನೂನು ಇಲ್ಲವೆಂದಲ್ಲ. 2014ರ ಮಾರ್ಚ್ 1ರಿಂದ ಶೆಡ್ಯೂಲ್ ಎಚ್‌–1 ಜಾರಿಯಲ್ಲಿದೆ. ಸೆಫಿಕ್ಸಿಮ್, ಸೆಫ್ಟ್ರಿಯಾಕ್ಸೋನ್, ಮೆರೋಪೆನೆಮ್ ಸೇರಿ 46 ಔಷಧಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲ. ಕೊಂಡವರ ಹೆಸರು, ಬರೆದ ವೈದ್ಯರ ಹೆಸರು, ಎಷ್ಟು ಕೊಟ್ಟದ್ದೆಂದು ಪ್ರತ್ಯೇಕ ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಇಟ್ಟಿರಬೇಕು. ಸ್ಟ್ರಿಪ್ಪಿನ ಮೇಲೆ ಕೆಂಪು ಗೆರೆ ಇದ್ದರೆ ಚೀಟಿಯಿಲ್ಲದೆ ಕೊಳ್ಳಬೇಡಿ ಎಂದು 2016ರಲ್ಲಿ ಪ್ರಚಾರವೂ ನಡೆಯಿತು. ಮೆಡಿಕಲ್ ಶಾಪಿನವರನ್ನು ಬೈಯುವುದು ಸುಲಭ. ಆದರೆ ವೈದ್ಯರ ಫೀಸು, ಬಸ್ ಚಾರ್ಜು, ಅರ್ಧ ದಿನದ ಕಾಯುವಿಕೆ ಎಲ್ಲ ಉಳಿಸಿ, "ಏನಾಗ್ತಿದೆ ಅಣ್ಣಾ" ಅಂತ ಮಾತಾಡಿಸಿ ನಾಲ್ಕು ಮಾತ್ರೆ ಕೊಡುವ ಮನುಷ್ಯ ಬಡವನಿಗೆ ವೈದ್ಯನಿಗಿಂತ ಹತ್ತಿರದವನು. ಪ್ರಾಥಮಿಕ ಆರೋಗ್ಯ ಕೇಂದ್ರ ಆ ಹತ್ತಿರಕ್ಕೆ ಬರುವವರೆಗೆ ರಿಜಿಸ್ಟರಿನಿಂದ ಹೆಚ್ಚೇನೂ ಆಗದು.

ಹಾಗಾದರೆ ಹೊಸ ಔಷಧ? ಬರುತ್ತಿವೆ, ಬಹಳ ನಿಧಾನಕ್ಕೆ. ಮನೆಮನೆಗೆ ಬಿಪಿ ಮಾತ್ರೆ ಮಾರಿದರೆ ಸಾಯುವವರೆಗೆ ಗಿರಾಕಿ. ಆಂಟಿಬಯೋಟಿಕ್ ಐದು ದಿನದ ಗಿರಾಕಿ, ಅದನ್ನೂ "ಎತ್ತಿಡಿ, ಬಳಸಬೇಡಿ" ಅನ್ನುತ್ತೇವೆ. ಯಾವ ಕಂಪನಿ ದುಡ್ಡು ಹೂಡೀತು? 2014ರಲ್ಲಿ ಆಸ್ಟ್ರಾಜೆನೆಕಾ ಬೆಂಗಳೂರಿನ ತನ್ನ ಸಂಶೋಧನಾ ಕೇಂದ್ರಕ್ಕೆ ಬಾಗಿಲು ಹಾಕಿತು. ಅಲ್ಲಿದ್ದ ವಿಜ್ಞಾನಿಗಳಲ್ಲಿ ಕೆಲವರು ಸೇರಿ ಬಗ್‌ವರ್ಕ್ಸ್ ಎಂಬ ಸಣ್ಣ ಕಂಪನಿ ಕಟ್ಟಿಕೊಂಡು ಬೆಂಗಳೂರಿನಲ್ಲೇ ಹೊಸ ಆಂಟಿಬಯೋಟಿಕ್ ಹುಡುಕಾಟ ಮುಂದುವರಿಸಿದ್ದಾರೆ. ಚೆನ್ನೈನ ಆರ್ಕಿಡ್ ಕಂಪನಿಯಲ್ಲಿ ಹುಟ್ಟಿದ ಎನ್‌ಮೆಟಜೋಬ್ಯಾಕ್ಟಮ್ ಎಂಬ ಮದ್ದು 2024ರಲ್ಲಿ ಅಮೆರಿಕದ ಅನುಮೋದನೆ ಪಡೆಯಿತು. ಸಂತೋಷದ ಸುದ್ದಿಗಳೇ. ಆದರೆ ಅನುಮೋದನೆ ಪಡೆದದ್ದೂ ಇಂಜೆಕ್ಷನ್, ಆಸ್ಪತ್ರೆಯ ಮದ್ದು. ನನ್ನ ಕ್ಲಿನಿಕ್ಕಿನ ಮೇಜಿಗೆ ಹೊಸ ಮಾತ್ರೆಯೊಂದು ಬರುವುದನ್ನು ನಂಬಿ ಕೂರುವ ಹಾಗಿಲ್ಲ.

ಅತ್ತ ದೊಡ್ಡ ಆಸ್ಪತ್ರೆಗಳಲ್ಲಿ ಏನಾಗುತ್ತಿದೆಯೆಂಬುದಕ್ಕೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಜಾಲದ ಒಂದು ಅಂಕಿ ಸಾಕು. ಇಮಿಪೆನೆಮ್ ಎಂಬ ಕಾರ್ಬಪೆನೆಮ್ಮಿಗೆ ಬಗ್ಗುತ್ತಿದ್ದ ಇ. ಕೋಲಿ 2016ರಲ್ಲಿ ನೂರಕ್ಕೆ 86. 2021ರಲ್ಲಿ ನೂರಕ್ಕೆ 64. ಕವರು ತಂದಿದ್ದ ಆ ಹೆಂಗಸಿಗೆ ಕೊನೆಯದೆಂದು ಹಾಕಿದೆನಲ್ಲ, ಅದೇ ಗುಂಪಿನ ಮದ್ದು.

"ಕೋರ್ಸ್ ಮುಗಿಸಿ, ಅರ್ಧಕ್ಕೆ ಬಿಡಬೇಡಿ" ಎಂದು ನಾವೆಲ್ಲ ಬೈದು ಬೈದು ಹೇಳಿದ್ದೇವೆ. ಈ ಮಾತೂ ಈಗ ಸ್ವಲ್ಪ ತಿದ್ದುಪಡಿಯಾಗುತ್ತಿದೆ. ಏಳು ದಿನ, ಹದಿನಾಲ್ಕು ದಿನ ಎಂದು ನಾವು ಬರೆಯುತ್ತಿದ್ದದ್ದಕ್ಕೆ ಹಲವು ಕಡೆ ವಾರಕ್ಕೆ ಏಳು ದಿನ ಎನ್ನುವುದಕ್ಕಿಂತ ದೊಡ್ಡ ಕಾರಣವೇ ಇರಲಿಲ್ಲ. ಸಾಮಾನ್ಯ ನ್ಯುಮೋನಿಯಾಕ್ಕೆ ಐದು ದಿನ, ಸರಳ ಉರಿಮೂತ್ರಕ್ಕೆ ಔಷಧ ನೋಡಿಕೊಂಡು ಮೂರರಿಂದ ಐದು ದಿನ ಸಾಕೆಂದು ಈಗ ಗೊತ್ತಾಗಿದೆ. ಹೆಚ್ಚುವರಿ ದಿನಗಳು ಕರುಳಿನ ಕ್ರಿಮಿಗಳಿಗೆ ಪಾಠ ಹೇಳಿಕೊಡಲಷ್ಟೇ ಉಪಯೋಗ. ಹಾಗೆಂದು ನೀವೇ ನಿಲ್ಲಿಸಬೇಡಿ. ಕ್ಷಯಕ್ಕಂತೂ ಈ ಮಾತು ಒಂದಿಷ್ಟೂ ಅನ್ವಯಿಸುವುದಿಲ್ಲ. ಬರೆದುಕೊಟ್ಟವರನ್ನು ಕೇಳಿ. ಚಿಕ್ಕ ಕೋರ್ಸ್ ಬರೆಯುವ ವೈದ್ಯ ಕಂಜೂಸ್ ಅಲ್ಲ. ಸಿಸೇರಿಯನ್ನಿಗೆ ಕೊಯ್ಯುವ ಮೊದಲು ಕೊಡುವ ಒಂದು ಡೋಸು ಮಾಡುವ ಕೆಲಸವನ್ನು ಆಮೇಲೆ ಐದು ದಿನ ಹಾಕುವ ಇಂಜೆಕ್ಷನ್ನುಗಳು ಹೆಚ್ಚಿಸುವುದಿಲ್ಲ ಎಂಬುದನ್ನು ನಮ್ಮ ಎಷ್ಟೋ ನರ್ಸಿಂಗ್ ಹೋಮುಗಳು ಇನ್ನೂ ಒಪ್ಪಿಲ್ಲ.

ಆ ಹೆಂಗಸು ಎಂಟನೆಯ ದಿನ ಗೆಲುವಾಗಿ ಬಂದು ಕೂತರು. ಜ್ವರವಿಲ್ಲ, ಉರಿಯಿಲ್ಲ. ಮಗ ಮೊಬೈಲ್ ಮುಂದೆ ಹಿಡಿದು, "ಆ ಇಂಜೆಕ್ಷನ್ ಹೆಸ್ರು ಹೇಳಿ ಸರ್, ಮುಂದಿನ್ಸಲಕ್ಕೆ ಇಟ್ಕೊಳ್ಳೋಣ" ಅಂದ. ತಪ್ಪು ಅವನದಲ್ಲ, ಹೋದ ಸಲ ಮಾತ್ರೆಯ ಹೆಸರು ಇಟ್ಟುಕೊಂಡದ್ದೂ ಹೀಗೆಯೇ. ನಾನು ಇಂಜೆಕ್ಷನ್ ಹೆಸರು ಹೇಳಲಿಲ್ಲ. ಕಲ್ಚರ್ ವರದಿಯ ಹಾಳೆಯನ್ನು ತೆಗೆದುಕೊಂಡು ಅದರ ಮೇಲ್ತುದಿಯಲ್ಲಿ ತಾರೀಕು ಹಾಕಿ, ಯಾವ ಔಷಧಗಳು ಕೇಳಲಿಲ್ಲವೆಂದು ಕನ್ನಡದಲ್ಲಿ ದಪ್ಪಗೆ ಬರೆದು, ಕವರಿನಲ್ಲಿ ಎಲ್ಲದಕ್ಕಿಂತ ಮೇಲಿಟ್ಟೆ. ನನ್ನ ಭೇದಿಯ ಚೀಟಿ ಅದರ ಕೆಳಗೇ ಇದೆ.

ಓದುಗರಲ್ಲಿ ಕೇಳಿಕೊಳ್ಳುವುದೂ ಅದನ್ನೇ. ಎಕ್ಸ್‌ರೇ ಕಳೆದರೆ ಮತ್ತೆ ತೆಗೆಸಬಹುದು, ಬಿಲ್ಲುಗಳನ್ನು ಒಲೆಗೆ ಹಾಕಬಹುದು. ಮನೆಯಲ್ಲಿ ಯಾರದಾದರೂ ಕಲ್ಚರ್ ವರದಿ ಇದ್ದರೆ, ಎಷ್ಟೇ ಹಳೆಯದಿರಲಿ, ಎಸೆಯಬೇಡಿ. ಮುಂದಿನ ಸಲ ಯಾವ ವೈದ್ಯರಲ್ಲಿಗೆ ಹೋದರೂ ಮಾತ್ರೆ ಕೇಳುವ ಮೊದಲು ಅದನ್ನು ತೋರಿಸಿ.